ಹುಬ್ಬಳ್ಳಿ, ಧಾರವಾಡ, ನಡುವಿನ ನವನಗರ, ಇಲ್ಲಾ ಗದಗಿನಿಂದ ಪಾಸ್: ಮನೆ ಎಲ್ಲಿ ಹಿಡಿಯೋದು?

ಕಳೆದ ತಿಂಗಳು ಗದಗಿನಿಂದ ತಂಗಿಯ ಮಗ ಫೋನ್ ಮಾಡಿದ್ದ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ಬಿ.ಎಡ್. ಮುಗಿಸಿ ಶಿಕ್ಷಕರ ಪರೀಕ್ಷೆಗೆ ಓದುತ್ತಿದ್ದಾಳೆ. ನನ್ನ ತಂಗಿಯಂತೂ ಬೆಟಗೇರಿಯ ಮನೆ ಬಿಟ್ಟು ಕದಲುವವಳಲ್ಲ.

"ಮಾಮಾ, ಹುಬ್ಬಳ್ಯಾಗ ಮನಿ ಹಿಡೀಲೋ, ಧಾರವಾಡದಾಗ ಹಿಡೀಲೋ? ಇಲ್ಲಾ ಗದಗಿಂದನ ಅಡ್ಡಾಡಿದ್ರ ಹೆಂಗ?"

"ನಾಳೆ ಹೇಳ್ತೀನಿ ತಡಿ" ಅಂದೆ. ಹೇಳೋಕೆ ಒಂದು ವಾರ ಬೇಕಾಯ್ತು. ನಾನು ಗದಗಿನಿಂದ ಮೂರು ವರ್ಷ ರೈಲ್ವೆ ಪಾಸಿನ ಮೇಲೆ ಅಡ್ಡಾಡಿದವನು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಆರು ವರ್ಷ ಬಾಡಿಗೆ ಕಟ್ಟಿದವನು. ಈಗ ಧಾರವಾಡದಲ್ಲಿದ್ದೇನೆ. ಮೂರೂ ಕಡೆ ಉಂಡಿದ್ದೇನೆ, ಮೂರೂ ಕಡೆ ಬೈದುಕೊಂಡಿದ್ದೇನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕೆಲಸ ಹುಬ್ಬಳ್ಳಿ ಕಡೆ ಸಿಕ್ಕಿ, ಮನೆ ಎಲ್ಲಿ ಅಂತ ತಲೆ ಕೆಡಿಸಿಕೊಂಡವರಿಗೆ ಉಪಯೋಗ ಆದೀತು.

ನಮ್ಮ ಜನ ಮೊದಲು ಕೇಳೋದು ಊರು ಯಾವುದು ಅಂತ. ಹುಬ್ಬಳ್ಳಿ ವ್ಯಾಪಾರದ್ದು, ಧಾರವಾಡ ಓದಿನದು, ಗದಗ ಸಸ್ತಾ, ಹಾವೇರಿ ಶಾಂತ. ಈ ಮಾತು ಸುಳ್ಳೇನಲ್ಲ, ಆದರೆ ಮನೆ ಹಿಡಿಯೋಕೆ ಇದರಿಂದ ಏನೂ ತಿಳಿಯಲ್ಲ. ಒಂದೇ ಊರಿನ ಎರಡು ಓಣಿಗೆ ಇರುವಷ್ಟು ವ್ಯತ್ಯಾಸ ಎರಡು ಊರಿಗೆ ಇರಲ್ಲ. ನಾನು ನೋಡೋದು ಮೂರೇ: ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ, ಬೆಳಗ್ಗೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಎಷ್ಟು ಹೊತ್ತು, ಮನೆ ಕೆಳಗಿನ ಮಣ್ಣು ಯಾವುದು. ಬಾಡಿಗೆ ಆಮೇಲೆ.

ಮೊದಲು ಟಾಕಿ (ನೀರಿನ ತೊಟ್ಟಿ) ನೋಡಿ

ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರೋದು ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. ಹುಬ್ಬಳ್ಳಿಗೆ ನೀರಸಾಗರ ಕೆರೆಯ ಆಸರೆಯೂ ಉಂಟು, ಆದರೆ ಮಳೆ ಕೈಕೊಟ್ಟ ವರ್ಷ ಅದು ಒಣಗುತ್ತೆ. ದಿನದ 24 ತಾಸೂ ನೀರು ಕೊಡುವ ಪ್ರಯೋಗ 2008ರಲ್ಲೇ ಇಲ್ಲಿ ಆಯ್ತು. ಎರಡೂ ಊರಿನ ಕೆಲವು ವಾರ್ಡುಗಳಲ್ಲಿ ಚೆನ್ನಾಗಿಯೇ ನಡೆಯಿತು. ದೇಶದ ಬೇರೆ ಬೇರೆ ಕಡೆಯಿಂದ ನೋಡೋಕೆ ಬಂದರು. ಉಳಿದ ವಾರ್ಡುಗಳ ಜನ ಮಾತ್ರ ಇನ್ನೂ ಕಾಯುತ್ತಾ ಇದ್ದಾರೆ. ಹಾಗಾಗಿ ಒಂದು ಓಣಿಯಲ್ಲಿ ರಾತ್ರಿ ಹನ್ನೆರಡಕ್ಕೆ ನಳ ತಿರುಗಿಸಿದರೂ ನೀರು, ರಸ್ತೆಯಾಚೆ ಐದಾರು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ವಾರ ದಾಟಿದ್ದೂ ಇದೆ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು. ಅಲ್ಲಿ ಬೇಸಿಗೆಯಲ್ಲಿ ಹತ್ತು-ಹದಿನೈದು ದಿನ ಕಾದದ್ದು ನನಗೆ ಹೊಸದಲ್ಲ, ತಂಗಿಗಂತೂ ಅಲ್ಲವೇ ಅಲ್ಲ. ಬೋರ್ ನೀರು ಸವಳು, ಕುಡಿಯೋಕೆ ಬರಲ್ಲ. ಅದಕ್ಕೇ ಗದಗಿನ ಓಣಿಗಳಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದವರ ಸಾಲು.

ಕೇಶ್ವಾಪುರದ ಮನೆ ನೋಡಲು ಹೋದಾಗ ಮಾಲೀಕರು ಅಡಿಗೆಮನೆಯ ನಳ ತಿರುಗಿಸಿ ತೋರಿಸಿದರು. ನೀರು ಭರ್ರ್ ಅಂತ ಬಂತು. ನಾನು ಖುಷಿಯಾಗಿ ಡಿಪಾಸಿಟ್ ಕೊಟ್ಟೆ. ಸಾಮಾನು ಇಳಿಸಿದ ಮೇಲೆ ಆರು ದಿನ ಆ ನಳ ಸುಂಯ್ ಅಂತ ಗಾಳಿ ಬಿಟ್ಟಿತು. ನನ್ನನ್ನು ಕರೆದದ್ದು ನೀರು ಬಿಡುವ ದಿನ ನೋಡಿಕೊಂಡೇ ಅಂತ ಆಮೇಲೆ ಪಕ್ಕದ ಮನೆಯ ವೈನಿ ನಗುತ್ತಾ ಹೇಳಿದರು. ಅವತ್ತಿನಿಂದ ನಾನು ಮನೆ ನೋಡಲು ಹೋದರೆ ನಳದ ಹತ್ತಿರ ಹೋಗಲ್ಲ, ಟಾಕಿ ಹತ್ತಿರ ಹೋಗ್ತೀನಿ.

ಲೆಕ್ಕ ಸರಳ. ನಗರದ ನೀರಿನ ಯೋಜನೆ ಮಾಡುವಾಗ ಸರ್ಕಾರದವರು ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿಯುತ್ತಾರೆ. ನಾವು ಕೈ ಬಿಗಿ ಮಾಡಿ 100ರಲ್ಲಿ ಸಾಗಿಸುತ್ತೀವಿ ಅಂದುಕೊಳ್ಳಿ. ನಾಲ್ಕು ಜನ, ಎಂಟು ದಿನ: 3,200 ಲೀಟರ್. ಮಾಳಿಗೆ ಮೇಲೆ 1,000 ಲೀಟರಿನ ಒಂದು ಸಿಂಟೆಕ್ಸ್ ಇಟ್ಟು "ಭರಪೂರ ನೀರೈತ್ರೀ" ಅಂದರೆ ನಂಬಬೇಡಿ. ನೆಲದ ಟಾಕಿಯ ಉದ್ದ, ಅಗಲ, ಆಳ ಅಡಿಯಲ್ಲಿ ಅಳೆದು ಗುಣಿಸಿ. ಒಂದು ಘನ ಅಡಿಗೆ 28 ಲೀಟರ್ ಅಂತ ಹಿಡಿಯಿರಿ. ಆರು, ಐದು, ನಾಲ್ಕು ಅಡಿಯ ಟಾಕಿಯಾದರೆ ಹತ್ತಿರ ಹತ್ತಿರ 3,400 ಲೀಟರ್, ಸಾಕು. ಅದೇ ಟಾಕಿಯನ್ನು ಮೇಲಿನ ಬಾಡಿಗೆಯವರೂ ಹಂಚಿಕೊಳ್ಳುತ್ತಾರಾ? ಹಾಗಿದ್ದರೆ ಅರ್ಧ ಮಾಡಿ. ಇದನ್ನು ಮಾಲೀಕರನ್ನು ಕೇಳಬೇಡಿ. ಓಣಿಯ ಕಿರಾಣಿ ಅಂಗಡಿಯಲ್ಲಿ ಒಂದು ಬಿಸ್ಕಿಟ್ ಪ್ಯಾಕ್ ತೊಗೊಂಡು, "ಅಕ್ಕಾರ, ಇಲ್ಲೆ ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರೀ?" ಅಂತ ಕೇಳಿ. ಖರೆ ಉತ್ತರ ಅಲ್ಲಿ ಸಿಗುತ್ತೆ. ಹಗಲೋ ರಾತ್ರಿಯೋ ಅನ್ನೋದನ್ನೂ ಕೇಳಿ. ರಾತ್ರಿ ಎರಡಕ್ಕೆ ಬರುವ ನೀರು ಹಿಡಿಯೋಕೆ ಮನೆಯಲ್ಲಿ ಒಬ್ಬರು ಎಚ್ಚರ ಇರಬೇಕು. ಆ ಒಬ್ಬರು ಯಾರು ಅಂತ ಮೊದಲೇ ಮಾತಾಡಿಕೊಂಡಿರಿ, ಆಮೇಲೆ ಜಗಳ ಬೇಡ.

ಗದಗಿನಿಂದ ಪಾಸ್ ತೆಗೆಸಿದರೆ

ಗದಗ-ಹುಬ್ಬಳ್ಳಿ ಸುಮಾರು 58 ಕಿಲೋಮೀಟರ್. ಪ್ಯಾಸೆಂಜರಿನಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ. ತಿಂಗಳ ಪಾಸ್ ಅಗ್ಗ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಸ್ವಂತ ಮನೆ, ತಾಯಿಯ ಕೈ ರೊಟ್ಟಿ, ಬಾಡಿಗೆ ಇಲ್ಲ. ಕಾಗದದ ಮೇಲೆ ಇದರಷ್ಟು ಲಾಭ ಬೇರೆ ಯಾವುದರಲ್ಲೂ ಇಲ್ಲ.

ಆದರೆ ರೈಲಿನ ಒಂದು ತಾಸು ಬರೀ ರೈಲಿನದು. ಬೆಟಗೇರಿಯಿಂದ ಸ್ಟೇಷನ್ನಿಗೆ ಹೋಗಬೇಕು, ಹತ್ತು ನಿಮಿಷ ಮೊದಲೇ ನಿಲ್ಲಬೇಕು, ಹುಬ್ಬಳ್ಳಿಯಲ್ಲಿ ಇಳಿದು ಗೋಕುಲ ರೋಡಿಗೆ ಮತ್ತೆ ಸಿಟಿ ಬಸ್ಸು. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು ಅಂತ ಹೆಮ್ಮೆ ಪಡ್ತೀವಲ್ವಾ? ಹಿಂದಿನ ಡಬ್ಬಿಯಲ್ಲಿ ಇಳಿದವನು ಗೇಟು ಮುಟ್ಟೋಕೆ ಹೊರಟಾಗ ಆ ಹೆಮ್ಮೆ ಕಾಲಿಗೆ ಗೊತ್ತಾಗುತ್ತೆ. ಬಾಗಿಲಿನಿಂದ ಬಾಗಿಲಿಗೆ ಎರಡು ತಾಸು. ಹೋಗಿ ಬಂದು ನಾಲ್ಕು. ತಿಂಗಳಿಗೆ 25 ದಿನ ಅಂದರೆ 100 ತಾಸು.

ನಾನು ಮೂರು ವರ್ಷ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ವರ್ಷ ಮಜಾ ಇತ್ತು. ಪಾಸಿನವರದೇ ಒಂದು ಡಬ್ಬಿ. ಹುಲಕೋಟಿಗೆ ಇಸ್ಪೀಟು ಶುರು, ಅಣ್ಣಿಗೇರಿಯಲ್ಲಿ ಇನ್ನಿಬ್ಬರು ಹತ್ತಿ ಆಟಕ್ಕೆ ಕೂಡುತ್ತಿದ್ದರು. ಒಬ್ಬರ ಮನೆಯ ಸಜ್ಜೆ ರೊಟ್ಟಿ, ಇನ್ನೊಬ್ಬರ ಮನೆಯ ಶೇಂಗಾ ಚಟ್ನಿ. ಎರಡನೇ ವರ್ಷ ಮಗಳು ಹುಟ್ಟಿದಳು. ಬೆಳಗ್ಗೆ ನಾನು ಹೊರಡುವಾಗ ಮಲಗಿರುತ್ತಿದ್ದಳು, ರಾತ್ರಿ ಬರುವಷ್ಟರಲ್ಲಿ ಮತ್ತೆ ಮಲಗಿರುತ್ತಿದ್ದಳು. ಭಾನುವಾರ ಎತ್ತಿಕೊಂಡರೆ ಅಳುತ್ತಿದ್ದಳು. ಮೂರನೇ ವರ್ಷಕ್ಕೆ ಹುಬ್ಬಳ್ಳಿಯಲ್ಲಿ ಮನೆ ಹುಡುಕಿದೆ.

ಹಾಗಂತ ಗದಗ ಬೇಡ ಅನ್ನುತ್ತಿಲ್ಲ. ಕೆಲಸವೂ ಗದಗಿನಲ್ಲೇ ಇದ್ದರೆ ನಾನು ಇವತ್ತೇ ವಾಪಸ್ ಹೋದೇನು. 1997ರಲ್ಲಿ ಜಿಲ್ಲೆ ಆದ ಮೇಲೆ ಕಚೇರಿಗಳು ಬಂದವು. ಆಮೇಲೆ ಸರ್ಕಾರಿ ವೈದ್ಯಕೀಯ ಕಾಲೇಜು, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಬಂದವು. ದೊಡ್ಡ ಕಾಯಿಲೆಗೆಲ್ಲ ಹುಬ್ಬಳ್ಳಿಗೇ ಓಡುವ ಕಾಲ ಸ್ವಲ್ಪ ಹಿಂದೆ ಸರಿದಿದೆ. ಮುದ್ರಣ, ನೇಕಾರಿಕೆ, ಎಪಿಎಂಸಿ ಇದ್ದೇ ಇವೆ. ವಾರಕ್ಕೆ ಎರಡು ದಿನ ಆಫೀಸಿಗೆ ಹೋದರೆ ಸಾಕು ಅನ್ನುವ ಕೆಲಸವಿದ್ದರೆ ಕಣ್ಣು ಮುಚ್ಚಿ ಗದಗೇ ಒಳ್ಳೇದು ಅನ್ನಿ, ಪಾಸ್ ಕೂಡ ಬೇಡ, ಟಿಕೆಟ್ ಸಾಕು. ಕಷ್ಟ ಬರೋದು ದಿನಾ ಹೋಗುವವರಿಗೆ.

ಹಾವೇರಿಯಿಂದ ಹುಬ್ಬಳ್ಳಿಗೆ ದಿನಾ ಅಡ್ಡಾಡುವವರೂ ಇದ್ದಾರೆ. 75 ಕಿಲೋಮೀಟರ್ ಹತ್ತಿರ, ಹೆದ್ದಾರಿ ಚೆನ್ನಾಗಿದೆ, ರೈಲೂ ಇದೆ. ಕೆಲಸಕ್ಕಾಗಿ ಹಾವೇರಿಯಲ್ಲಿ ಇರಬೇಕಾದವರಿಗೆ ಊರು ಸಣ್ಣದು, ಜಂಜಾಟ ಕಡಿಮೆ. 2011ರ ಜನಗಣತಿಯಲ್ಲಿ ಅದು 67 ಸಾವಿರದ ಊರು, ಅದೇ ಜಿಲ್ಲೆಯ ರಾಣೆಬೆನ್ನೂರೇ ಅದಕ್ಕಿಂತ ದೊಡ್ಡದು. ಆದರೆ ಅಲ್ಲಿದ್ದು ಹುಬ್ಬಳ್ಳಿಗೆ ದಿನಾ? ಬೇಡ ಮಾರಾಯ್ರೇ.

ಹುಬ್ಬಳ್ಳಿ: ದುಡಿಮೆ ಇದೆ, ಧೂಳೂ ಇದೆ

ಕೆಲಸ ಬದಲಿಸುವ ಯೋಚನೆ ಇರುವವರಿಗೆ ಹುಬ್ಬಳ್ಳಿಯೇ ಸರಿ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಜನರ ಬಾಯಲ್ಲಿ ಇನ್ನೂ ಕಿಮ್ಸ್ ಆಗಿಯೇ ಇರುವ ದೊಡ್ಡಾಸ್ಪತ್ರೆ, ಅಮರಗೋಳದ ಎಪಿಎಂಸಿ, ತಾರಿಹಾಳದ ಕಾರ್ಖಾನೆಗಳು, 2022ರಲ್ಲಿ ಶುರುವಾದ ಇನ್ಫೋಸಿಸ್ ಕ್ಯಾಂಪಸ್. ಒಂದು ಕೆಲಸ ಹೋದರೆ ಇನ್ನೊಂದು ಹುಡುಕೋಕೆ ಊರು ಬಿಡಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಇದು ಸಣ್ಣ ಮಾತಲ್ಲ.

ಪೇಟೆಯ ಒಳಗೆ, ಅಂದರೆ ದುರ್ಗದಬೈಲ್, ದಾಜಿಬಾನ ಪೇಟೆ ಸುತ್ತ, ಕಾಲ್ನಡಿಗೆಯಲ್ಲಿ ಎಲ್ಲ ಸಿಗುತ್ತೆ. ರಾತ್ರಿ ಹನ್ನೊಂದಕ್ಕೂ ಬಿಸಿ ಗಿರ್ಮಿಟ್ ಸಿಗುತ್ತೆ. ಆದರೆ ಬೈಕ್ ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಗಿರ್ಮಿಟ್ ತಿಂದು ಮುಗಿಸಬಹುದು. ವಿದ್ಯಾನಗರ, ದೇಶಪಾಂಡೆ ನಗರ, ಕೇಶ್ವಾಪುರ ಹಳೇ ಬಡಾವಣೆಗಳು. ಗಿಡ ಇವೆ, ಶಾಲೆ ಆಸ್ಪತ್ರೆ ಹತ್ತಿರ, ಬಾಡಿಗೆ ಜಾಸ್ತಿ. ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆ ಕೆಲಸ ಶುರುವಾದ ಮೇಲೆ ಆ ಭಾಗದಲ್ಲಿ ಎಂಟೂವರೆಗೂ ಒಂಬತ್ತೂವರೆಗೂ ನಡುವೆ ಏನಾಗುತ್ತೆ ಅಂತ ಅಲ್ಲಿ ನಿಂತೇ ನೋಡಬೇಕು. ಆದ್ದರಿಂದ ಮನೆ ಭಾನುವಾರ ನೋಡಬೇಡಿ. ಸೋಮವಾರ ಬೆಳಗ್ಗೆ ಆ ಮನೆಯ ಬಾಗಿಲಿನಿಂದ ನಿಮ್ಮ ಆಫೀಸಿನವರೆಗೆ ಒಮ್ಮೆ ಬೈಕ್ ಓಡಿಸಿ ನೋಡಿ. ಐದು ಕಿಲೋಮೀಟರಿಗೆ ಮೂವತ್ತೈದು ನಿಮಿಷ ಆದರೆ ಅದು ಹತ್ತಿರದ ಮನೆ ಅಲ್ಲ.

ಹುಬ್ಬಳ್ಳಿ ಅನ್ನೋ ಹೆಸರು ಹೂವಿನ ಬಳ್ಳಿಯಿಂದ ಬಂದದ್ದು ಅಂತಾರೆ. ಫೆಬ್ರುವರಿ ಹೊತ್ತಿಗೆ ಕಿಟಕಿ ಸರಳಿನ ಮೇಲೆ ಬೆರಳಾಡಿಸಿದರೆ ಬಳ್ಳಿಯೂ ಇಲ್ಲ, ಹೂವೂ ಇಲ್ಲ, ಬರೀ ಧೂಳು. ಮಕ್ಕಳಿಗೆ ದಮ್ಮು, ಕೆಮ್ಮು ಇದ್ದರೆ ದೊಡ್ಡ ರಸ್ತೆಯಿಂದ ಮೂರನೇ ಓಣಿಗೆ ಹೋಗಿ.

ಧಾರವಾಡ: ಹವಾ ಚಲೋ, ಆದರೆ ಸಪ್ತಾಪುರ ಬೇರೆಯೇ ಲೋಕ

ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಮಲೆನಾಡಿನ ಅಂಚು. ಏಪ್ರಿಲ್ ರಾತ್ರಿ ಅಲ್ಲಿ ಫ್ಯಾನು ಎರಡರಲ್ಲಿ ಸಾಕು, ಹುಬ್ಬಳ್ಳಿಯಲ್ಲಿ ಐದಕ್ಕೇರಿಸಬೇಕು. 1917ರ ಕರ್ನಾಟಕ ಕಾಲೇಜಿನಿಂದ ಹಿಡಿದು ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಶುರುವಾದ ಐಐಟಿವರೆಗೆ ಓದಿನ ಸಂಸ್ಥೆಗಳಿಗೆ ಲೆಕ್ಕವಿಲ್ಲ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯ್ತು. ಅದರ ಜೊತೆ ವಕೀಲರು, ಟೈಪಿಸ್ಟರು, ಖಾನಾವಳಿಗಳು ಬಂದವು. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಬಸ್ ಕಾರ್ಖಾನೆ ಇದೆ. ಆದರೂ ಇದು ನಿಧಾನದ ಊರು. ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚಿ ಊಟಕ್ಕೆ ಹೋದವರನ್ನು ನಾನು ಇನ್ನೂ ನೋಡ್ತೀನಿ.

ಸಪ್ತಾಪುರದ ಕಥೆ ಮಾತ್ರ ಬೇರೆ. ಪಿಎಸ್ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋಕೆ ಉತ್ತರ ಕರ್ನಾಟಕದ ಹುಡುಗ ಹುಡುಗಿಯರೆಲ್ಲ ಬಂದು ಕೂರೋದು ಅಲ್ಲೇ. ಬೆಳಗ್ಗೆ ಆರಕ್ಕೆ ಲೈಬ್ರರಿ ಮುಂದೆ ಚಪ್ಪಲಿಗಳ ರಾಶಿ. ಮನೆ ಮಾಲೀಕರಿಗೆ ಒಂದು ಸಂಸಾರಕ್ಕೆ ಕೊಡೋದಕ್ಕಿಂತ ಕೋಣೆಗೆ ಮೂವರಂತೆ ಹುಡುಗರಿಗೆ ಕೊಟ್ಟರೆ ಲಾಭ. ಹಾಗಾಗಿ ಸಂಸಾರದ ಮನೆ ಸಿಗೋದು ಕಷ್ಟ, ಸಿಕ್ಕರೂ ತುಟ್ಟಿ. ತಂಗಿಯ ಸೊಸೆ ಓದೋಕೆ ಹೋಗಬೇಕಾದದ್ದು ಇಲ್ಲಿಗೇ. ಓದೋಕೆ ಸಪ್ತಾಪುರ, ಇರೋಕೆ ಬೇರೆ ಕಡೆ ಅಂತ ನನ್ನ ಸಲಹೆ. ಕೆಲಗೇರಿ, ಶ್ರೀನಗರ ಕಡೆ ಮನೆಗಳು ಚೆನ್ನಾಗಿವೆ. ಅಲ್ಲಿಂದ ಹುಬ್ಬಳ್ಳಿಗೆ ದಿನಾ ಹೋಗುವವರು ಒಂದು ಲೆಕ್ಕ ಮರೆಯುತ್ತಾರೆ: ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣ ಮುಟ್ಟೋಕೇ ಇಪ್ಪತ್ತು ನಿಮಿಷ.

ಚಿಗರಿ ಬಂದ ಮೇಲೆ

ಹುಬ್ಬಳ್ಳಿ-ಧಾರವಾಡದ ನಡುವೆ ಬಿಆರ್‌ಟಿಎಸ್ ಬಸ್ಸು, ಅಂದರೆ ಚಿಗರಿ, ಓಡೋಕೆ ಶುರುವಾದದ್ದು 2018ರ ಅಕ್ಟೋಬರಿನಲ್ಲಿ, ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ಸುಮಾರು 22 ಕಿಲೋಮೀಟರ್, ಎಸಿ ಬಸ್ಸು, ಅದಕ್ಕೆ ಅಂತಲೇ ಬೇರೆ ದಾರಿ. ಒಂದು ಊರಿನ ನಡುವಿನಿಂದ ಇನ್ನೊಂದರ ನಡುವಿಗೆ ಮುಕ್ಕಾಲು ತಾಸಿನ ಆಚೀಚೆ. ಎಷ್ಟೇ ಬೈದರೂ, ದಿನಾ ಓಡಾಡುವ ನಾನು ಇದನ್ನು ಕಿತ್ತುಹಾಕಿ ಅನ್ನಲಾರೆ. ಹಳೇ ಸಿಟಿ ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡಿದ್ದು ನೆನಪಿದೆ.

ಇದರಿಂದ ಮನೆ ಹುಡುಕುವವರ ಲೆಕ್ಕವೇ ಬದಲಾಯ್ತು. ಮೊದಲು ಎರಡೂ ಊರಿನವರು "ಅಲ್ಲಿ ಯಾರು ಇರ್ತಾರೋ" ಅನ್ನುತ್ತಿದ್ದ ನಡುವಿನ ಪಟ್ಟಿ ಈಗ ಅನುಕೂಲದ ಜಾಗ. ಉಣಕಲ್ಲು, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು. ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ ಇವೆ. ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ. ಗಂಡನಿಗೆ ಒಂದು ಊರಲ್ಲಿ ಕೆಲಸ, ಹೆಂಡತಿಗೆ ಇನ್ನೊಂದರಲ್ಲಿ ಅಂದರೆ ಈ ಪಟ್ಟಿಗಿಂತ ಒಳ್ಳೇದಿಲ್ಲ.

ಆದರೆ ನಿಲ್ದಾಣ ರಸ್ತೆಯ ನಟ್ಟನಡುವೆ ಇದೆ. ಮನೆಯಿಂದ ನಿಲ್ದಾಣಕ್ಕೆ ಕಾಲು ಕಿಲೋಮೀಟರ್ ಅಂತ ಜಾಹೀರಾತು ಹೇಳುತ್ತೆ. ಆ ಕಾಲು ಕಿಲೋಮೀಟರಿನಲ್ಲಿ ಲಾರಿ, ಕಾರು ಓಡುವ ಲೇನು ದಾಟಬೇಕು. ಮಗು ಕಂಕುಳಲ್ಲಿ, ಚೀಲ ಹೆಗಲಲ್ಲಿ ಇರುವವರು ಮೇಲ್ಸೇತುವೆ ಹತ್ತಿ ಇಳಿಯಬೇಕು, ಇಲ್ಲಾ ಸಿಗ್ನಲ್ಲಿಗೆ ಕಾಯಬೇಕು. ನಿಲ್ದಾಣದಿಂದ ಒಳಗೆ ಒಂದೂವರೆ ಕಿಲೋಮೀಟರ್ ಇರುವ ಲೇಔಟಾದರೆ ಚಿಗರಿ ನಿಮ್ಮದಲ್ಲ, ನಿಮಗೆ ಬೈಕೇ ಗತಿ. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಹತ್ತಿರ ನೀರು ನಿಂತು ಎಲ್ಲ ಅಸ್ತವ್ಯಸ್ತ. ಹಾಗಾಗಿ ನಡುವಿನ ಪಟ್ಟಿಯಲ್ಲಿ ಮನೆ ನೋಡುವವರು ಒಮ್ಮೆ ಮಳೆ ಬಿದ್ದ ಸಂಜೆ ಹೋಗಿ ನೋಡಿ. ಕೊಡೆ ಒಯ್ಯಿರಿ.

ಬೈಕ್, ಕಾರಿನವರಿಗೆ ಇನ್ನೊಂದು ಮಾತು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಬಹಳ ವರ್ಷ ಎರಡೇ ಲೇನಿನದಾಗಿತ್ತು. ಎಷ್ಟು ಜೀವ ತಿಂದಿದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅದನ್ನು ಅಗಲ ಮಾಡುವ ಕೆಲಸ ಕೈಗೆತ್ತಿಕೊಂಡರು. ರಸ್ತೆ ಅಗಲ ಆಗುತ್ತೆ ಅನ್ನೋ ಸುದ್ದಿ ಹಿಡಿದುಕೊಂಡೇ ಅದರ ಆಚೀಚೆ ಲೇಔಟ್ ಬೋರ್ಡುಗಳು ಎದ್ದವು. ಇದು ನನ್ನನ್ನು ಮಣ್ಣಿನ ಮಾತಿಗೆ ತರುತ್ತೆ.

ಹೊರವಲಯದ ಲೇಔಟ್: ಎರಿ ಮಣ್ಣು ಮತ್ತು ಗುಂಟೆ

ಬಾಡಿಗೆಯವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಇವತ್ತು ಬಾಡಿಗೆಯವರಾದವರೇ ಐದು ವರ್ಷಕ್ಕೆ ಪ್ಲಾಟ್ ಕೇಳುತ್ತಾ ಬರುತ್ತಾರೆ.

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಕುಸುಗಲ್ಲು, ಅಣ್ಣಿಗೇರಿ, ಗದಗಿನ ಕಡೆ ಹೋದಷ್ಟೂ ಎರಿ, ಅಂದರೆ ಕಪ್ಪು ಮಣ್ಣು. ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಬಂಗಾರದಂಥ ಮಣ್ಣು. ಮನೆಗೆ ಶತ್ರು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತೆ. ಏಪ್ರಿಲ್‌ನಲ್ಲಿ ಖಾಲಿ ಪ್ಲಾಟಿನಲ್ಲಿ ಬಿರುಕಿಗೆ ಅಂಗೈ ಇಳಿಸಿ ನೋಡಿ, ಮಣಿಕಟ್ಟಿನವರೆಗೆ ಹೋಗುತ್ತೆ. ಅದರ ಮೇಲೆ ಕೂತ ಗೋಡೆ ವರ್ಷಕ್ಕೊಮ್ಮೆ ಮೇಲೇಳುತ್ತೆ, ಕೆಳಗಿಳಿಯುತ್ತೆ.

ನನ್ನ ಗೆಳೆಯನೊಬ್ಬ ಕಟ್ಟಿದ ಮನೆಯೊಂದನ್ನು ಹೊರವಲಯದಲ್ಲಿ ಕೊಂಡ. ಟೈಲ್ಸ್ ಥಳಥಳ, ಬಾಗಿಲು ತೇಗಿನದು. ಎರಡನೇ ಮಳೆಗಾಲಕ್ಕೆ ಪಡಸಾಲೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಮೂಡಿತು. ಪೇಂಟಿನ ಬಿರುಕು ಅಂದುಕೊಂಡರು. ಆಮೇಲೆ ಬಚ್ಚಲಿನ ಬಾಗಿಲು ಹಾಕೋಕೆ ಬರದಾಯ್ತು. ಕಟ್ಟಿದವರು "ಎಲ್ಲ ಮನೆಗೂ ಹಿಂಗ ಆಗತೈತ್ರೀ" ಅಂದು ಪುಟ್ಟಿ ಮೆತ್ತಿಸಿ ಹೋದರು. ಬೇಸಿಗೆ ಬಂದ ಮೇಲೆ ಬಾಗಿಲು ತಾನಾಗಿ ಸರಿಹೋಯ್ತು, ಗೆರೆ ಮಾತ್ರ ಒಂದು ರೂಪಾಯಿ ನಾಣ್ಯ ತೂರುವಷ್ಟು ಅಗಲವಾಯ್ತು.

ಎರಿ ಮಣ್ಣಿನಲ್ಲಿ ಮನೆಯೇ ಕಟ್ಟಬಾರದು ಅಂತಲ್ಲ, ಅರ್ಧ ಗದಗ ಅದರ ಮೇಲೇ ನಿಂತಿದೆ. ಬುನಾದಿ ಎರಿ ದಾಟಿ ಕೆಳಗಿನ ಗರಸಿನವರೆಗೆ (ಗಟ್ಟಿ ಹರಳುಮಣ್ಣು) ಹೋಗಬೇಕು. ಕಾಲಂಗಳನ್ನು ಪ್ಲಿಂತ್ ಬೀಮ್ ಕಟ್ಟಿ ಹಿಡಿಯಬೇಕು. ನೆಲದ ಅಡಿಗೆ ತೆಗೆದ ಎರಿಯನ್ನೇ ವಾಪಸ್ ತುಂಬದೆ ಗರಸು ಹಾಕಿ ಧಮ್ಮಸು ಮಾಡಬೇಕು. ಮಾಳಿಗೆ ನೀರು ಗೋಡೆಬುಡಕ್ಕೆ ಬೀಳದಂತೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಬೇಕು. ಇದಕ್ಕೆಲ್ಲ ದುಡ್ಡು ಬೇಕು. ಕೆಂಪು ಮಣ್ಣಿನ ತುಟ್ಟಿ ಪ್ಲಾಟಿಗೂ ಎರಿಯ ಅಗ್ಗದ ಪ್ಲಾಟಿಗೂ ನಡುವಿನ ಅಂತರದಲ್ಲಿ ಒಳ್ಳೇ ಪಾಲು ಬುನಾದಿಗೇ ಹೋಗುತ್ತೆ. ಕಟ್ಟಿದ ಮನೆ ಕೊಳ್ಳುವವರು ಪಕ್ಕದ ಮನೆಗಳ ಕಂಪೌಂಡ್ ಗೋಡೆ ನೋಡಿ. ಅದಕ್ಕೆ ಯಾರೂ ಆಳದ ಬುನಾದಿ ಹಾಕಿರಲ್ಲ. ಅದು ವಾಲಿದೆಯೋ ನೆಟ್ಟಗಿದೆಯೋ ನೋಡಿದರೆ ಮಣ್ಣಿನ ಗುಣ ತಿಳಿಯುತ್ತೆ.

ಇನ್ನು ಗುಂಟೆ ಪ್ಲಾಟ್. ಒಂದು ಗುಂಟೆ ಅಂದರೆ 1,089 ಚದರ ಅಡಿ, 33ಕ್ಕೆ 33. ಹೊಲವನ್ನು ಎನ್‌ಎ (ಕೃಷಿಯೇತರ) ಮಾಡಿಸದೆ, ಹುಡಾದಿಂದ (ನಗರಾಭಿವೃದ್ಧಿ ಪ್ರಾಧಿಕಾರ) ಲೇಔಟ್ ಮಂಜೂರಿ ಇಲ್ಲದೆ ಗುಂಟೆ ಗುಂಟೆ ಹಂಚಿ ಮಾರುತ್ತಾರೆ. ರೇಟು ಕೇಳಿದರೆ ಬಾಯಲ್ಲಿ ನೀರು. ರಸ್ತೆ? ಬರುತ್ತೆ. ಗಟಾರು? ಬರುತ್ತೆ. ನಳ? ಅದೂ ಬರುತ್ತೆ. ಬ್ಯಾಂಕ್ ಸಾಲ ಕೇಳಿದಾಗ ಮಾತ್ರ ಎಲ್ಲರೂ ಮೌನ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡೋಕೆ ಶುರು ಮಾಡಿದಾಗ ಮಾರುವವರು ಅದನ್ನೇ ತೋರಿಸಿ "ಸಕ್ರಮ ಆಗೇತಿ" ಅಂದರು. ಬಿ-ಖಾತಾದಿಂದ ತೆರಿಗೆ ಕಟ್ಟಬಹುದು. ಲೇಔಟಿಗೆ ಮಂಜೂರಿ ಸಿಕ್ಕಂತೆ ಅಲ್ಲ. ಪಾಲಿಕೆ ವ್ಯಾಪ್ತಿಯಲ್ಲಾದರೆ ಸಿಟಿಎಸ್ ಉತಾರ (ನಗರ ಸರ್ವೆಯ ದಾಖಲೆ), ಇ-ಖಾತಾ ನೋಡಬೇಕು. ಪಂಚಾಯ್ತಿಯಲ್ಲಾದರೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11. ಎರಡೂ ಕಡೆ ಎನ್‌ಎ ಆದೇಶ, ಮಂಜೂರಾದ ನಕ್ಷೆ, ಋಣಭಾರ ಪತ್ರ. ಅಡ್ವಾನ್ಸ್ ಕೊಡೋ ಮೊದಲು ಇವನ್ನು ನಿಮ್ಮ ಕಡೆಯ ವಕೀಲರಿಗೆ ತೋರಿಸಿ. ಮಾರುವವರೇ ಕರೆತಂದ ವಕೀಲರಿಗೆ ಬೇಡ.

ಗುಂಟೆ ಪ್ಲಾಟಿನ ಜನರನ್ನು ನಾನು ಸುಮ್ನೆ ಬೈಯಲ್ಲ. ಮಂಜೂರಾದ ಲೇಔಟಿನ ರೇಟು ಒಬ್ಬ ಗೌಂಡಿಗೆ, ಒಬ್ಬ ಆಟೋದವರಿಗೆ ನಿಲುಕಿದರೆ ಅವರು ಯಾಕೆ ಅಲ್ಲಿಗೆ ಹೋದಾರು? 2011ರಲ್ಲೇ ಅವಳಿನಗರದ ಜನ 9.43 ಲಕ್ಷ. ಆಮೇಲೆ ಬಂದವರೆಲ್ಲ ಎಲ್ಲೋ ಒಂದು ಕಡೆ ಮಲಗಬೇಕಲ್ಲ.

ಪಾಲಿಕೆ ಎರಡಾದರೆ?

1962ರಿಂದ ಎರಡೂ ಊರಿಗೆ ಒಂದೇ ಮಹಾನಗರ ಪಾಲಿಕೆ. ತೆರಿಗೆ ನಾವು ಕಟ್ಟೋದು, ಕೆಲಸ ಹುಬ್ಬಳ್ಳಿಗೆ ಆಗೋದು ಅಂತ ಧಾರವಾಡದವರ ಹಳೇ ದೂರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಬಾಡಿಗೆಯವರಿಗೆ ಇದರಿಂದ ದೊಡ್ಡ ಫರಕೇನಿಲ್ಲ. ನಡುವಿನ ಪಟ್ಟಿಯಲ್ಲಿ ಜಾಗ ಕೊಳ್ಳುವವರು ಮಾತ್ರ ತಮ್ಮ ವಾರ್ಡು ಯಾವ ಕಡೆ ಅಂತ ಕೇಳಿಕೊಳ್ಳಿ. ನಾಳೆ ಗಟಾರು ಕಟ್ಟಿಕೊಂಡಾಗ ಯಾವ ಆಫೀಸಿನ ಮೆಟ್ಟಿಲು ಹತ್ತಬೇಕು ಅನ್ನೋದು ಗೊತ್ತಿರಬೇಕಲ್ಲ.

ಹುಡುಗನಿಗೆ ಏನು ಹೇಳಿದೆ

ಕೆಲಸ ಗೋಕುಲ ರೋಡ್, ಹೆಂಡತಿಗೆ ಸಪ್ತಾಪುರ, ತಾಯಿ ಗದಗಿನಲ್ಲಿ. ಮೂರು ದಿಕ್ಕು. ಪಾಸ್ ಬೇಡ ಅಂದೆ, ಮಗಳು ಅಳುತ್ತಿದ್ದದ್ದನ್ನು ಹೇಳಿದೆ. ಧಾರವಾಡ ಹೆಂಡತಿಗೆ ಚಲೋ, ಆದರೆ ಪರೀಕ್ಷೆ ಇನ್ನೊಂದು ವರ್ಷ, ಇವನ ಕೆಲಸ ಅದಕ್ಕಿಂತ ಜಾಸ್ತಿ ದಿನ. ಉಣಕಲ್ಲು ಇಲ್ಲಾ ಭೈರಿದೇವರಕೊಪ್ಪ ನೋಡು ಅಂದೆ. ಅವಳು ಚಿಗರಿ ಹತ್ತಿದರೆ ಧಾರವಾಡ, ನೀನು ಬೈಕ್ ಹತ್ತಿದರೆ ಗೋಕುಲ ರೋಡ್. ಅವ್ವನ್ನ ನೋಡಬೇಕು ಅನಿಸಿದ ಶನಿವಾರ ಹುಬ್ಬಳ್ಳಿ ಸ್ಟೇಷನ್ ದೂರ ಇಲ್ಲ. ಪ್ಲಾಟ್ ಮಾತು ಈಗ ಎತ್ತಬೇಡ. ಒಂದು ಬೇಸಿಗೆ, ಒಂದು ಮಳೆಗಾಲ ಇದ್ದು ನೋಡು.

ಹೋದ ಭಾನುವಾರ ಅವನ ಜೊತೆ ಮೂರು ಮನೆ ನೋಡಿದೆ. ಭಾನುವಾರ ಬೇಡ ಅಂತ ನಾನೇ ಹೇಳಿದ್ದೆ, ಆದರೆ ರಜೆ ಇರೋದು ಅವತ್ತೇ. ಮೊದಲನೆಯದರಲ್ಲಿ ಟಾಕಿಯೇ ಇರಲಿಲ್ಲ. ಎರಡನೆಯದು ನಿಲ್ದಾಣದಿಂದ ದೂರ. ಮೂರನೆಯದು ಭೈರಿದೇವರಕೊಪ್ಪದಲ್ಲಿ, ದೊಡ್ಡ ರಸ್ತೆಯಿಂದ ಎರಡು ಓಣಿ ಒಳಗೆ, ಅಂಗಳದಲ್ಲಿ ಒಂದು ಪೇರಲ ಗಿಡ. ಮಾಲೀಕರು ಹಾಲ್ ತೋರಿಸುತ್ತಿದ್ದರೆ ಇವನು ಅಂಗಳಕ್ಕೆ ಹೋಗಿ ಟಾಕಿಯ ಮುಚ್ಚಳ ಎತ್ತಿ, ಕಿಸೆಯಿಂದ ಟೇಪು ತೆಗೆದು, ಕೋಲೊಂದನ್ನು ಇಳಿಸಿ ಆಳ ನೋಡತೊಡಗಿದ. ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಮಾಲೀಕರ ತಾಯಿ ಕನ್ನಡಕ ಏರಿಸಿ ನನ್ನ ಕಡೆ ತಿರುಗಿದರು.

"ಯಪ್ಪಾ, ಇವಾ ಮನಿ ಬಾಡಗಿ ಹಿಡಿಯಾಕ ಬಂದಾನೋ, ಟಾಕಿ ಬಾಡಗಿ ಹಿಡಿಯಾಕ ಬಂದಾನೋ?"

"ಎರಡೂ ರೀ ಅಮ್ಮಾ" ಅಂದೆ. ಅವರು ನಗುತ್ತಾ ಅಕ್ಕಿಯ ಮೊರ ಕೆಳಗಿಟ್ಟರು. "ಐದ ದಿನಕ್ಕೊಮ್ಮೆ ಬರ್ತಾವ, ಬೆಳಿಗ್ಗಿ ನಾಕಕ್ಕ. ನಾ ಎದ್ದಿರತೀನಿ, ನಿಮ್ಮ ಹುಡುಗ್ಗ ಎಬ್ಬಸ್ತೀನಿ ತೊಗೋರಿ."